ಬೈಕಿನ ಡಿಸ್ಕ್ ಬ್ರೇಕ್: ದೋಷ ಪತ್ತೆ ಮತ್ತು ನಿರ್ವಹಣೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಬದಲಾಯಿಸಿದರೆ ಬ್ರೇಕ್ ಸರ್ವಿಸ್ ಮುಗಿಯಿತು ಎಂದುಕೊಳ್ಳುವವರು ಬಹಳ. ಆದರೆ ಎರಡು ವರ್ಷ ದಾಟಿದ ಬ್ರೇಕ್ ಆಯಿಲ್, ಒಣಗಿ ಬಿಗಿದುಕೊಂಡ ಸ್ಲೈಡ್ ಪಿನ್, ಪಿಸ್ಟನ್ ಸುತ್ತ ಗಟ್ಟಿಯಾಗಿ ಕೂತ ಕೆಸರು, ಈ ಮೂರನ್ನೂ ಮುಟ್ಟದೆ ಹಾಕಿದ ಹೊಸ ಪ್ಯಾಡ್ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಇಲ್ಲಿರುವುದು 100ರಿಂದ 400 ಸಿಸಿವರೆಗಿನ, ದಿನಬಳಕೆಯ ಬೈಕುಗಳಿಗೆ ಹೊಂದುವ ಮಾಹಿತಿ. ಅಳತೆಗಳೆಲ್ಲ ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಿ.

ಲಿವರ್ ಹಿಡಿದಾಗ ಒಳಗೆ ಏನು ನಡೆಯುತ್ತದೆ?

ಲಿವರ್ ತನ್ನ ಬುಡದಲ್ಲೇ ಇರುವ ಮಾಸ್ಟರ್ ಸಿಲಿಂಡರಿನ (ಒತ್ತಡ ಹುಟ್ಟಿಸುವ ಭಾಗ) ಪಿಸ್ಟನ್ನನ್ನು ಒಳಕ್ಕೆ ತಳ್ಳುತ್ತದೆ. ಆ ಒತ್ತಡ ಹೋಸಿನೊಳಗಿನ ಆಯಿಲ್ ಮೂಲಕ ಕ್ಯಾಲಿಪರ್ (ಚಕ್ರದ ಬಳಿ ಡಿಸ್ಕನ್ನು ಕವಿದು ಕೂರುವ, ಪ್ಯಾಡುಗಳಿರುವ ಭಾಗ) ತಲುಪಿ, ಅಲ್ಲಿನ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ದೋಷ ಹುಡುಕುವವರು ಇನ್ನೆರಡು ಸಂಗತಿ ತಿಳಿದಿರಬೇಕು.

ಮೊದಲನೆಯದು, ಲಿವರ್ ಬಿಟ್ಟಾಗ ಕ್ಯಾಲಿಪರ್ ಪಿಸ್ಟನ್ ಹಿಂದೆ ಸರಿಯುವುದು ಯಾವ ಸ್ಪ್ರಿಂಗಿನಿಂದಲೂ ಅಲ್ಲ. ಪಿಸ್ಟನ್ ಸುತ್ತ ಚೌಕಾಕಾರದ ಅಡ್ಡಕೊಯ್ತ ಇರುವ ರಬ್ಬರ್ ಸೀಲ್ ಇದೆ. ಪಿಸ್ಟನ್ ಮುಂದೆ ಹೋದಾಗ ಅದು ತಿರುಚಿಕೊಂಡು, ಒತ್ತಡ ಇಳಿದಾಗ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಸೀಲ್ ಗಟ್ಟಿಯಾದರೆ, ಪಿಸ್ಟನ್ ಮೇಲೆ ತುಕ್ಕು ಅಥವಾ ಕೆಸರು ಕೂತರೆ, ಈ ಎಳೆತ ಸಾಕಾಗುವುದಿಲ್ಲ. ಎರಡನೆಯದು, ಮಾಸ್ಟರ್ ಸಿಲಿಂಡರಿನಲ್ಲಿ ಆಯಿಲ್ ಡಬ್ಬಿಗೆ ತೆರೆದುಕೊಳ್ಳುವ ಒಂದು ಅತಿ ಸಣ್ಣ ರಂಧ್ರವಿದೆ. ಲಿವರ್ ಪೂರ್ತಿ ಬಿಟ್ಟಾಗ ಮಾತ್ರ ಅದು ತೆರೆದಿರುತ್ತದೆ. ಬಿಸಿಯಾಗಿ ಹಿಗ್ಗಿದ ಆಯಿಲ್ ಹಿಂತಿರುಗುವ ದಾರಿ ಅದೊಂದೇ. ಅದು ಮುಚ್ಚಿದರೆ ಬ್ರೇಕ್ ತಾನಾಗಿಯೇ ಹಿಡಿಯತೊಡಗುತ್ತದೆ.

ಲಿವರ್ ಹಿಡಿದು ನೋಡಿಯೇ ದೋಷ ಗುರುತಿಸಬಹುದೇ?

ಬಹುಮಟ್ಟಿಗೆ ಹೌದು. ಗಾಡಿಯನ್ನು ಸ್ಟ್ಯಾಂಡ್ ಹಾಕಿ, ಇಂಜಿನ್ ಆಫ್ ಮಾಡಿ, ನಿಧಾನವಾಗಿ ಲಿವರ್ ಎಳೆಯಿರಿ.

ಸ್ಪಂಜಿನಂತೆ ಮೆತ್ತಗಿದ್ದು, ಐದಾರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಇದೆ. ಗಾಳಿ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಕೈಗೆ ತಿಳಿಯುವುದು ಆ ಕುಗ್ಗುವಿಕೆ.

ಮೊದಲು ಗಟ್ಟಿಯಾಗಿದ್ದು, ಒಂದೇ ಸಮನೆ ಒತ್ತಿ ಹಿಡಿದರೆ ಅರ್ಧ ನಿಮಿಷದಲ್ಲಿ ಮೆಲ್ಲಗೆ ಹ್ಯಾಂಡಲ್ ಕಡೆ ಇಳಿಯುತ್ತ ಹೋದರೆ ಒತ್ತಡ ಎಲ್ಲೋ ಸೋರುತ್ತಿದೆ. ಹೊರಗೆ ಒದ್ದೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ ಸವೆದಿದೆ ಎಂದೇ ತಿಳಿಯಿರಿ. ಇಂಥ ಗಾಡಿಯನ್ನು ಓಡಿಸಲೇಬಾರದು.

ಲಿವರ್ ಕಲ್ಲಿನಂತೆ ಗಟ್ಟಿ, ಆದರೂ ಗಾಡಿ ನಿಲ್ಲುತ್ತಿಲ್ಲ ಎಂದರೆ ಒತ್ತಡ ಸರಿಯಾಗಿ ಹುಟ್ಟುತ್ತಿದೆ, ಘರ್ಷಣೆ ಇಲ್ಲ. ಪ್ಯಾಡಿಗೆ ಎಣ್ಣೆ ತಾಗಿದೆ, ಅಥವಾ ಬಿಸಿಯಿಂದ ಮೇಲ್ಮೈ ಗಾಜಿನಂತೆ ನುಣುಪಾಗಿದೆ, ಅಥವಾ ಕ್ಯಾಲಿಪರ್ ಜಾಮ್ ಆಗಿ ಒಂದೇ ಪ್ಯಾಡ್ ಕೆಲಸ ಮಾಡುತ್ತಿದೆ. ಇಲ್ಲಿ ಎಷ್ಟು ಸಲ ಗಾಳಿ ತೆಗೆದರೂ ಪ್ರಯೋಜನವಿಲ್ಲ.

ಒಂದು ಸಲ ಎಳೆದರೆ ದೂರ ಹೋಗುತ್ತದೆ, ತಕ್ಷಣ ಎರಡನೇ ಸಲ ಎಳೆದರೆ ಸರಿಯಿರುತ್ತದೆ, ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಅದೇ ಕಥೆ. ಇದಕ್ಕೂ ಗಾಳಿಯೇ ಕಾರಣವೆಂದು ಹೇಳುವುದುಂಟು. ಆದರೆ ಚಕ್ರದ ಬೇರಿಂಗ್ ಸಡಿಲವಾಗಿದ್ದರೆ ಅಥವಾ ಡಿಸ್ಕ್ ಬಾಗಿದ್ದರೆ, ಓಡುವಾಗ ಡಿಸ್ಕ್ ಅತ್ತಿತ್ತ ಆಡಿ ಪ್ಯಾಡುಗಳನ್ನು ಒಳಕ್ಕೆ ತಳ್ಳಿಬಿಡುತ್ತದೆ. ಚಕ್ರವನ್ನು ಎರಡೂ ಬದಿಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಕಟಕಟ ಎಂದರೆ ಮೊದಲು ಬೇರಿಂಗ್ ಬದಲಾಯಿಸಿ.

ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡಿರುತ್ತದೆ. ಎಲ್ಲಿಂದ ಹುಡುಕಲಿ?

ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದಾಗ ಪ್ಯಾಡ್ ಹಗುರವಾಗಿ ಸವರುವ ಸದ್ದು ಬರುವುದು ಸಹಜ. ಎರಡು ಸುತ್ತಾದರೂ ತಿರುಗದೆ ನಿಂತರೆ ದೋಷವಿದೆ.

ಪರೀಕ್ಷೆಯ ಕ್ರಮ ಹೀಗೆ. ಚಕ್ರ ಬಿಗಿ ಹಿಡಿದಿರುವಾಗಲೇ ಕ್ಯಾಲಿಪರಿನ ಬ್ಲೀಡ್ ನಿಪ್ಪಲಿಗೆ (ಆಯಿಲ್, ಗಾಳಿ ಹೊರಬಿಡುವ ಟೊಳ್ಳು ಸ್ಕ್ರೂ) ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಸಡಿಲವಾಗದಿದ್ದರೆ ತಪ್ಪು ಕ್ಯಾಲಿಪರಿನದೇ: ಪಿಸ್ಟನ್ ಅಥವಾ ಸ್ಲೈಡ್ ಪಿನ್ (ಕ್ಯಾಲಿಪರ್ ಜಾರುವ ಕಡ್ಡಿ) ಜಾಮ್.

ಒತ್ತಡ ಸಿಕ್ಕಿಕೊಂಡಿದ್ದರೆ, ಮುಂದಿನ ಸಲ ಹಿಡಿದಾಗ ಮೇಲೆ ಮಾಸ್ಟರ್ ಸಿಲಿಂಡರಿನ ಬಳಿ ಹೋಸಿನ ಬೋಲ್ಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ ನೋಡಿ. ಅಲ್ಲಿ ಚಕ್ರ ಬಿಟ್ಟುಕೊಂಡರೆ ಮಾಸ್ಟರಿನ ಸಣ್ಣ ರಂಧ್ರ ಕಟ್ಟಿದೆ. ಬಿಟ್ಟುಕೊಳ್ಳದಿದ್ದರೆ ಹೋಸಿನ ಒಳಪದರ ಊದಿದೆ. ಊದಿದ ಹೋಸಿನಲ್ಲಿ ಬಲವಾಗಿ ಒತ್ತಿದ ಆಯಿಲ್ ಮುಂದೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ಹೊರಗಿನಿಂದ ಅಂಥ ಹೋಸ್ ಹೊಸದರಂತೆಯೇ ಕಾಣಬಹುದು.

ಆ ರಂಧ್ರ ಕಟ್ಟುವುದು ಹಳೆಯ ಆಯಿಲಿನ ಕಪ್ಪು ಗಷ್ಟಿನಿಂದ. ವಿದ್ಯುತ್ ವೈರಿನ ಒಂದು ತೆಳು ತಾಮ್ರದ ಎಳೆ ಹಾಕಿ ಬಿಡಿಸಬಹುದು. ಸೂಜಿ, ಡ್ರಿಲ್ ಬಿಟ್ ಬೇಡ, ರಂಧ್ರದ ಅಂಚು ಕೆಟ್ಟರೆ ರಬ್ಬರ್ ಕಪ್ ಹರಿಯುತ್ತದೆ. ಇದಕ್ಕೆ ಮುನ್ನ ಇನ್ನೊಂದನ್ನು ನೋಡಿಕೊಳ್ಳಿ: ಹೊಸದಾಗಿ ಶೋಕಿಯ ಲಿವರ್ ಹಾಕಿಸಿದ ಮೇಲೆ ಈ ತೊಂದರೆ ಶುರುವಾಯಿತೇ? ಪಿಸ್ಟನ್ನನ್ನು ತಳ್ಳುವ ಲಿವರಿನ ಮೂತಿ ಒಂದಿಷ್ಟು ಉದ್ದವಿದ್ದರೂ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ರಂಧ್ರ ಮುಚ್ಚಿಯೇ ಇರುತ್ತದೆ. ಲಿವರಿನ ತುದಿಯಲ್ಲಿ ಒಂದೆರಡು ಮಿ.ಮೀ. ಖಾಲಿ ಆಟ ಇರಲೇಬೇಕು. ಆಯಿಲ್ ಡಬ್ಬಿಯನ್ನು ಕಂಠದವರೆಗೆ ತುಂಬಿದರೂ ಹೀಗೇ ಆಗುತ್ತದೆ, ಹಿಗ್ಗಲು ಜಾಗವೇ ಇರುವುದಿಲ್ಲ.

ಪ್ಯಾಡ್ ಯಾವಾಗ ಬದಲಾಯಿಸಬೇಕು?

ಲೋಹದ ಹಿಂಬದಿ ತಗಡನ್ನು ಬಿಟ್ಟು ಘರ್ಷಣೆಯ ಪದರ 1.5 ಮಿ.ಮೀ. ಉಳಿದಾಗ ಹೊಸದನ್ನು ತಂದಿಡಿ, 1 ಮಿ.ಮೀ.ಗೆ ಇಳಿಯುವ ಮೊದಲೇ ಹಾಕಿಬಿಡಿ. ಹಲವು ಪ್ಯಾಡುಗಳಲ್ಲಿ ಸವೆತ ತೋರುವ ಗೀರು ಇರುತ್ತದೆ. ಅದು ಮಾಯವಾದರೆ ಆಯಿತು. ಕಿಲೋಮೀಟರ್ ಲೆಕ್ಕ ನಂಬಬೇಡಿ. ಹೆದ್ದಾರಿಯಲ್ಲೇ ಓಡುವ ಗಾಡಿಯ ಪ್ಯಾಡಿಗೂ ಬೆಂಗಳೂರಿನ ಸಿಗ್ನಲುಗಳ ನಡುವೆ ಓಡುವ ಗಾಡಿಯ ಪ್ಯಾಡಿಗೂ ಹೋಲಿಕೆಯೇ ಇಲ್ಲ.

ನೋಡುವಾಗ ಎರಡೂ ಪ್ಯಾಡ್ ನೋಡಿ. ಹೊರಗಿನಿಂದ ಬಗ್ಗಿದರೆ ಕಾಣುವುದು ಒಂದೇ. ಒಳಗಿನದು ತಗಡಿಗೆ ತಗಡು ಉಜ್ಜುತ್ತಿರಬಹುದು.

ಒಂದು ಪ್ಯಾಡ್ ಪೂರ್ತಿ ಸವೆದಿದೆ, ಇನ್ನೊಂದು ಹೊಸದರಂತಿದೆ. ಯಾಕೆ?

ಸ್ಲೈಡ್ ಪಿನ್. ನಮ್ಮಲ್ಲಿನ ಬಹುಪಾಲು ಬೈಕುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ ಬದಿಗೆ. ಪಿಸ್ಟನ್ ತನ್ನ ಕಡೆಯ ಪ್ಯಾಡನ್ನು ಒತ್ತಿದ ಮೇಲೆ, ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಎದುರು ಬದಿಯ ಪ್ಯಾಡನ್ನು ಎಳೆದುಕೊಳ್ಳಬೇಕು. ಪಿನ್ನಿನ ರಬ್ಬರ್ ಬೂಟ್ ಹರಿದು ನೀರು ನುಗ್ಗಿ, ಗ್ರೀಸ್ ಒಣಗಿ ತುಕ್ಕು ಹಿಡಿದರೆ ಕ್ಯಾಲಿಪರ್ ಜಾರುವುದಿಲ್ಲ. ಆಗ ಪಿಸ್ಟನ್ ಕಡೆಯ ಪ್ಯಾಡೊಂದೇ ದುಡಿಯುತ್ತದೆ, ಡಿಸ್ಕ್ ಒಂದು ಬದಿಗೆ ಬಾಗುತ್ತದೆ, ಲಿವರ್ ಮೆತ್ತಗಾದಂತೆ ಅನ್ನಿಸುತ್ತದೆ. ಪ್ಯಾಡ್ ಓರೆಯಾಗಿ, ಒಂದು ತುದಿ ದಪ್ಪ ಇನ್ನೊಂದು ತೆಳ್ಳಗೆ ಸವೆದಿದ್ದರೂ ಇದೇ ಕಾರಣ.

ಸ್ಲೈಡ್ ಪಿನ್ ಸ್ವಚ್ಛ ಮಾಡುವುದು ಹೇಗೆ?

ಒಂದು ಗಂಟೆಯ ಕೆಲಸ, ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಇಷ್ಟು ಲಾಭ ಕೊಡುವ ಬೇರೆ ಕೆಲಸ ಬ್ರೇಕಿನಲ್ಲಿ ಇಲ್ಲ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮಾಡಿ.

ಕ್ಯಾಲಿಪರ್ ಇನ್ನೂ ಫೋರ್ಕಿಗೆ ಬಿಗಿದಿರುವಾಗಲೇ, ಪ್ಯಾಡುಗಳನ್ನು ಹಿಡಿದಿಡುವ ಪ್ಯಾಡ್ ಪಿನ್ನನ್ನು ಸ್ವಲ್ಪ ಸಡಿಲಿಸಿಟ್ಟುಕೊಳ್ಳಿ. ಬಿಚ್ಚಿ ಕೈಗೆ ಬಂದ ಮೇಲೆ ಅದನ್ನು ಸಡಿಲಿಸುವುದು ಕಷ್ಟ, ಅಲೆನ್ ಕೀ ಜಾರಿ ತಲೆ ಹಾಳಾಗುತ್ತದೆ. ಆಮೇಲೆ ಕ್ಯಾಲಿಪರಿನ ಎರಡು ಬೋಲ್ಟ್ ಬಿಚ್ಚಿ. ಕ್ಯಾಲಿಪರನ್ನು ಹೋಸಿನಲ್ಲಿ ನೇತಾಡಲು ಬಿಡದೆ ಒಂದು ತಂತಿಯಲ್ಲಿ ಫೋರ್ಕಿಗೆ ಕಟ್ಟಿ. ಪ್ಯಾಡ್ ತೆಗೆದು, ಕ್ಯಾಲಿಪರನ್ನು ಫೋರ್ಕಿಗೆ ಸೇರಿಸುವ ಬ್ರಾಕೆಟನ್ನು ಪಿನ್ನುಗಳಿಂದ ನೇರವಾಗಿ ಎಳೆದು ಬೇರ್ಪಡಿಸಿ.

ಹಳೆಯ ಗ್ರೀಸನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಪಿನ್ ಕೂರುವ ರಂಧ್ರವನ್ನೂ ಒಳಗಿನಿಂದ ಒರೆಸಿ. ಪಿನ್ನಿನ ಮೇಲೆ ತೆಳು ತುಕ್ಕಿದ್ದರೆ 600 ನಂಬರಿನ ಎಮರಿ ಪೇಪರ್ ಸಾಕು. ಗುಳಿ ಬಿದ್ದಿದ್ದರೆ ಪಿನ್ ಬದಲಾಯಿಸಿ. ಎರಡು ಪಿನ್ ಒಂದೇ ರೀತಿ ಇರಬೇಕೆಂದಿಲ್ಲ, ಯಾವುದು ಎಲ್ಲಿತ್ತು ಎಂದು ಗುರುತಿಟ್ಟುಕೊಳ್ಳಿ. ಈಗ ಪ್ರತಿ ಪಿನ್ನಿಗೆ ಕಡಲೆಕಾಳಿನಷ್ಟು ಸಿಲಿಕೋನ್ ಬ್ರೇಕ್ ಗ್ರೀಸ್ ಸವರಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡವೇ ಬೇಡ. ಅದರಲ್ಲಿನ ಖನಿಜ ಎಣ್ಣೆ ಬೂಟಿನ ರಬ್ಬರನ್ನು ಊದಿಸಿ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಗ್ರೀಸ್ ಜಾಸ್ತಿ ತುಂಬಿದರೂ ಒಳಗೆ ಗಾಳಿ ಸಿಕ್ಕಿ ಪಿನ್ ಹಿಂದೆ ತಳ್ಳಿಸಿಕೊಳ್ಳುತ್ತದೆ. ಬೂಟಿನ ತುಟಿ ಪಿನ್ನಿನ ಸುತ್ತಲಿನ ತೋಡಿನಲ್ಲಿ ಸರಿಯಾಗಿ ಕೂತಿದೆಯೇ ನೋಡಿ. ಜೋಡಿಸಿದ ಮೇಲೆ ಬೆರಳಿನಿಂದ ತಳ್ಳಿದರೆ ಬ್ರಾಕೆಟ್ ಸಲೀಸಾಗಿ ಜಾರಬೇಕು.

ಹೊಸ ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಾಗೇ ಒಳಗೆ ತಳ್ಳಬಹುದೇ?

ತೊಳೆಯದೆ ತಳ್ಳಬೇಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬಂದಿರುತ್ತದೆ, ಆ ಹೊರಬಂದ ಭಾಗಕ್ಕೆ ಕೆಸರು ಅಂಟಿ ಒಣಗಿರುತ್ತದೆ. ಹಾಗೇ ತಳ್ಳಿದರೆ ಆ ಮರಳೆಲ್ಲ ಸೀಲಿಗೆ ಉಜ್ಜುತ್ತದೆ. ಹೊಸ ಪ್ಯಾಡ್ ಹಾಕಿಸಿದ ಕೆಲವೇ ವಾರಗಳಲ್ಲಿ ಬ್ರೇಕ್ ಹಿಡಿದುಕೊಳ್ಳತೊಡಗುವುದಕ್ಕೆ ಕಾರಣ ಬಹಳ ಸಲ ಇದೇ.

ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಹಳೆ ಪ್ಯಾಡ್ ಇರುವಾಗಲೇ, ಇಲ್ಲವೇ ಒಂದು ಮರದ ತುಂಡನ್ನು ಅಡ್ಡ ಇಟ್ಟು, ಲಿವರನ್ನು ಒಂದೆರಡು ಸಲ ಮೆಲ್ಲಗೆ ಒತ್ತಿ ಪಿಸ್ಟನ್ ಮೂರ್ನಾಲ್ಕು ಮಿ.ಮೀ. ಹೊರಬರುವಂತೆ ಮಾಡಿ. ಅಡ್ಡ ಏನೂ ಇಲ್ಲದೆ ಒತ್ತಿದರೆ ಪಿಸ್ಟನ್ ಕಿತ್ತು ಹೊರಗೇ ಬೀಳುತ್ತದೆ. ಸುತ್ತಲೂ ಉಜ್ಜಿ, ತೊಳೆದು, ಒರೆಸಿ. ಶುದ್ಧವಾದ ಪಿಸ್ಟನ್ನಿಗೆ ಒಂದು ಹನಿ ಹೊಸ ಬ್ರೇಕ್ ಆಯಿಲ್ ಸವರಿ, ಹೆಬ್ಬೆರಳುಗಳಿಂದ ನೇರವಾಗಿ ತಳ್ಳಿ. ಕೈಗೆ ಬಗ್ಗದಿದ್ದರೆ ಹಳೆ ಪ್ಯಾಡ್ ಅಡ್ಡ ಇಟ್ಟು ಸಣ್ಣ ಸಿ ಕ್ಲ್ಯಾಂಪ್ ಬಳಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪಿಸ್ಟನ್ ಓರೆಯಾಗಿ ಗೀರು ಬೀಳುತ್ತದೆ.

ಪಿಸ್ಟನ್ ಒಳಗೆ ಹೋದಂತೆ ಮೇಲೆ ಡಬ್ಬಿಯಲ್ಲಿ ಆಯಿಲ್ ಏರುತ್ತದೆ, ಮುಚ್ಚಳ ತೆಗೆದು ಕಣ್ಣಿಡಿ. ಎಲ್ಲ ಜೋಡಿಸಿದ ಮೇಲೆ ಗಾಡಿ ಹೊರಡಿಸುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಲು ಮರೆಯಬೇಡಿ. ಮರೆತರೆ ಮೊದಲ ತಿರುವಿನಲ್ಲಿ ಲಿವರ್ ಹ್ಯಾಂಡಲಿಗೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ.

ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಬ್ರೇಕ್ ಹಿಡಿಯುತ್ತಿಲ್ಲ!

ಬರೀ ನೀರಾಗಿದ್ದರೆ ನಾಲ್ಕೈದು ಸಲ ಹಗುರವಾಗಿ ಬ್ರೇಕ್ ಹಿಡಿದು ಓಡಿಸಿದರೆ ಒಣಗಿ ಸರಿಹೋಗುತ್ತದೆ. ಸರಿಹೋಗದಿದ್ದರೆ ಡೀಸೆಲ್ಲೋ ಪಾಲಿಶ್ಶೋ ತಾಗಿದೆ. ಇಂಜಿನ್ನಿನ ಜಿಡ್ಡು ಬಿಡಿಸಲು ಡೀಸೆಲ್ ಸಿಂಪಡಿಸುವುದು, ಕೊನೆಗೆ ಹೊಳಪಿಗೆಂದು ಟೈರು ಫೋರ್ಕುಗಳಿಗೆಲ್ಲ ಎಣ್ಣೆಯಂಥ ದ್ರಾವಣ ಹೊಡೆಯುವುದು ಹಲವು ಕಡೆ ರೂಢಿಯಲ್ಲಿದೆ. ಚೈನಿಗೆ ಲೂಬ್ ಸ್ಪ್ರೇ ಹೊಡೆಯುವಾಗಲೂ ಹಿಂದಿನ ಡಿಸ್ಕಿಗೆ ಹಾರುತ್ತದೆ. ಗಾಡಿ ಕೊಡುವ ಮೊದಲೇ "ಡೀಸೆಲ್ ಹೊಡೀಬೇಡಿ, ಡಿಸ್ಕ್ ಹತ್ರ ಪಾಲಿಶ್ ಬೇಡ" ಎಂದು ಹೇಳಿಬಿಡಿ.

ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬಟ್ಟೆ ಕಪ್ಪಾಗದಷ್ಟು ಸಲ ಒರೆಸಿದರೆ ಉಳಿಸಿಕೊಳ್ಳಬಹುದು. ಪ್ಯಾಡಿನ ವಿಷಯ ಬೇರೆ. ಅದು ರಂಧ್ರರಂಧ್ರವಾದ ವಸ್ತು, ಎಣ್ಣೆ ಒಳಗೆ ಇಳಿದಿರುತ್ತದೆ. ಮೇಲ್ಮೈ ಉಜ್ಜಿದರೆ ಒಂದೆರಡು ದಿನ ಸರಿಯೆನ್ನಿಸಿ, ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಒಲೆಯ ಮೇಲೆ ಕಾಯಿಸಿ ಎಣ್ಣೆ ಸುಡುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ಪದರವನ್ನು ತಗಡಿಗೆ ಹಿಡಿದಿಟ್ಟ ಅಂಟೇ ಸುಟ್ಟುಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಎಸೆಯಿರಿ.

ಬ್ರೇಕ್ ಹಿಡಿದಾಗ ಕೀಚಲು ಸದ್ದು ಬರುತ್ತದೆ.

ಬೆಳಗ್ಗೆ ಅಥವಾ ಮಳೆಯಲ್ಲಿ ಮೊದಲ ಒಂದೆರಡು ಸಲ ಬಂದು ನಿಂತರೆ ಚಿಂತೆ ಬೇಡ. ಸದಾ ಬರುತ್ತಿದ್ದರೆ ಪ್ಯಾಡ್ ನುಣುಪಾಗಿರಬಹುದು. ಸಮತಟ್ಟಾದ ಗಾಜಿನ ಮೇಲೆ 120 ನಂಬರಿನ ಎಮರಿ ಪೇಪರ್ ಇಟ್ಟು ಎಂಟು ಆಕಾರದಲ್ಲಿ ಉಜ್ಜಿ ಹೊಳಪು ತೆಗೆಯಿರಿ, ದೂಳನ್ನು ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಪ್ಯಾಡ್ ಹಿಂದಿನ ತೆಳು ತಗಡು, ಪ್ಯಾಡನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಇವೆಯೇ ನೋಡಿ. ಪ್ಯಾಡ್ ಬದಲಾಯಿಸುವಾಗ ಇವನ್ನು ಮರಳಿ ಹಾಕದೆ ಬಿಡುವುದುಂಟು.

ಕೀಚಲಲ್ಲದೆ ಕರಕರ ಎಂದು ಲೋಹ ಉಜ್ಜುವ ಸದ್ದಾದರೆ ಗಾಡಿ ಅಲ್ಲೇ ನಿಲ್ಲಿಸಿ. ಪ್ಯಾಡ್ ಮುಗಿದಿದೆ, ಈಗ ಡಿಸ್ಕ್ ಮುಗಿಯುತ್ತಿದೆ.

ಯಾವ ಬ್ರೇಕ್ ಆಯಿಲ್ ಹಾಕಬೇಕು? ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕೆ?

ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ. ಹೆಚ್ಚಿನ ಬೈಕುಗಳಲ್ಲಿ ಅದು ಡಾಟ್ 4 (DOT 4) ಎಂಬ ದರ್ಜೆ. ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವುದು ಅದರ ಗುಣ. ಹೋಸಿನ ರಬ್ಬರ್ ಮೂಲಕವೂ ತೇವ ಒಳಗೆ ಇಳಿಯುತ್ತದೆ.

ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಡಾಟ್ 3ರಲ್ಲಿ ಈ ಅಂಕಿಗಳು 205 ಮತ್ತು 140, ಡಾಟ್ 5.1ರಲ್ಲಿ 260 ಮತ್ತು 180. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಎಂದರೆ ಕುಗ್ಗುವ ಲಿವರ್. ನೀರು ಒಳಗಿನ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಹಾಗಾಗಿ ಗಾಡಿ ಓಡಲಿ, ಮನೆಯಲ್ಲೇ ನಿಂತಿರಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ವರ್ಷದ ಅರ್ಧ ಭಾಗ ತೇವದಲ್ಲೇ ಇರುವ ಕರಾವಳಿ, ಮಲೆನಾಡಿನಲ್ಲಿ ಒಂದೂವರೆ ವರ್ಷಕ್ಕೇ ಮಾಡಿದರೆ ಒಳ್ಳೆಯದು. ಬಣ್ಣ ಜೇನಿನಂತಿದ್ದದ್ದು ಕಾಫಿ ಡಿಕಾಕ್ಷನ್ನಿನಂತಾಗಿದ್ದರೆ ದಿನ ಎಣಿಸಬೇಡಿ.

ಡಾಟ್ 3, 4, 5.1 ಒಂದೇ ಕುಲದವು. ಡಾಟ್ 5 ಮಾತ್ರ ಸಿಲಿಕೋನ್. ಹೆಸರು ಹತ್ತಿರವಿದೆ ಎಂದು ಬೆರೆಸಿದರೆ ಕೆಲಸ ಕೆಡುತ್ತದೆ. ಇಂಜಿನ್ ಆಯಿಲ್, ಫೋರ್ಕ್ ಆಯಿಲ್ ಒಂದು ಚಮಚ ಹೋದರೂ ಸೀಲುಗಳೆಲ್ಲ ಊದುತ್ತವೆ, ಮಾಸ್ಟರಿನಿಂದ ಕ್ಯಾಲಿಪರ್‌ವರೆಗೆ ಪ್ರತಿಯೊಂದು ರಬ್ಬರ್ ಭಾಗವನ್ನೂ ಬದಲಾಯಿಸಬೇಕಾಗುತ್ತದೆ. ಸೀಲ್ ಒಡೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆಂದು ಇಡಬೇಡಿ.

ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಗಿದೆ. ತುಂಬಿಸಿದರೆ ಸಾಕಲ್ಲವೇ?

ಮೊದಲು ಪ್ಯಾಡ್ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಆ ಜಾಗವನ್ನು ಆಯಿಲ್ ತುಂಬುತ್ತದೆ, ಮೇಲೆ ಮಟ್ಟ ಇಳಿಯುತ್ತದೆ. ಈ ಹಂತದಲ್ಲಿ ಮೇಲಿನ ಗೆರೆವರೆಗೆ ತುಂಬಿಸಿದರೆ, ಹೊಸ ಪ್ಯಾಡ್ ಹಾಕುವ ದಿನ ಅದೆಲ್ಲ ಉಕ್ಕಿ ಟ್ಯಾಂಕಿನ ಬಣ್ಣದ ಮೇಲೆ ಸುರಿಯುತ್ತದೆ. ಪ್ಯಾಡ್ ಚೆನ್ನಾಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ ಇದೆ: ಹೋಸಿನ ಬೋಲ್ಟುಗಳು, ಲಿವರಿನ ಬುಡ, ಪಿಸ್ಟನ್ ಸುತ್ತ ಒದ್ದೆ ಹುಡುಕಿ.

ಬಣ್ಣದ ಮೇಲೆ ಬಿದ್ದರೆ ಒರೆಸುತ್ತ ಕೂರಬೇಡಿ, ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಅದು ನೀರಿನಲ್ಲಿ ಕರಗುತ್ತದೆ.

ಗಾಳಿ ತೆಗೆಯುವುದು ಹೇಗೆ?

ಬೇಕಾದವು: 250 ಮಿ.ಲೀ. ಹೊಸ ಆಯಿಲ್ (ಮುಂದಿನ ಬ್ರೇಕಿಗೆ ನಿಜವಾಗಿ ಖರ್ಚಾಗುವುದು 100 ಮಿ.ಲೀ. ಆಸುಪಾಸು), ನಿಪ್ಪಲಿಗೆ ಹೊಂದುವ ರಿಂಗ್ ಸ್ಪ್ಯಾನರ್ (ಸಾಮಾನ್ಯವಾಗಿ 8 ಮಿ.ಮೀ.), ಅರ್ಧ ಮೀಟರ್ ಪಾರದರ್ಶಕ ಪೈಪ್, ಒಂದು ಬಾಟಲಿ, ಹಳೆ ಬಟ್ಟೆ.

1. ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿ ಮಟ್ಟವಾಗಿರುವಂತೆ ಮಾಡಿ. ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹಾಸಿ. ಮುಚ್ಚಳದ ಸ್ಕ್ರೂಗಳು ಮೆದು. ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ತಿರುಗಿಸಿ.
2. ಹಳೆಯ ಆಯಿಲನ್ನು ಸಿರಿಂಜಿನಲ್ಲಿ ಎಳೆದು, ತಳದ ಗಷ್ಟು ಒರೆಸಿ, ಹೊಸದನ್ನು ತುಂಬಿ. ಮೊದಲೇ ಹೀಗೆ ಮಾಡಿದರೆ ಕೊಳೆ ಹೋಸಿನೊಳಗೆ ಹೋಗುವುದಿಲ್ಲ.
3. ನಿಪ್ಪಲಿಗೆ ಸ್ಪ್ಯಾನರ್ ಕೂರಿಸಿ, ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದಿ ಬಾಟಲಿಯಲ್ಲಿ ಸ್ವಲ್ಪ ಆಯಿಲಿನೊಳಗೆ ಮುಳುಗಿರಲಿ.
4. ಲಿವರನ್ನು ಮೂರ್ನಾಲ್ಕು ಸಲ ನಿಧಾನವಾಗಿ ಎಳೆದು ಕೊನೆಯಲ್ಲಿ ಹಿಡಿದುಕೊಳ್ಳಿ. ನಿಪ್ಪಲ್ ಕಾಲು ಸುತ್ತು ತೆರೆಯಿರಿ. ಲಿವರ್ ಒಳಗೆ ಇಳಿಯುತ್ತದೆ. ಅದನ್ನು ಅಲ್ಲೇ ಹಿಡಿದಿರುವಾಗ ನಿಪ್ಪಲ್ ಮುಚ್ಚಿ, ಆಮೇಲೆ ಲಿವರ್ ಬಿಡಿ. ಈ ಕ್ರಮ ತಪ್ಪಿದರೆ ಹೊರಹೋದ ಗಾಳಿ ಮತ್ತೆ ಒಳಗೆ ಬರುತ್ತದೆ.
5. ಪೈಪಿನಲ್ಲಿ ಗುಳ್ಳೆ ನಿಂತು ಹೊಸ ಬಣ್ಣದ ಆಯಿಲ್ ಬರುವವರೆಗೆ ಮುಂದುವರಿಸಿ. ಐದು ಸಲಕ್ಕೊಮ್ಮೆ ಡಬ್ಬಿ ನೋಡಿ. ಕೆಳಗಿನ ಗೆರೆಗಿಂತ ಇಳಿದು ಗಾಳಿ ಎಳೆದುಕೊಂಡರೆ ಮೊದಲಿನಿಂದ ಶುರು.
6. ನಿಪ್ಪಲನ್ನು ಹಿತವಾಗಿ ಬಿಗಿಯಿರಿ, 5ರಿಂದ 8 ನ್ಯೂಟನ್ ಮೀಟರ್ ಸಾಕು. ಒಳಗೆ ಟೊಳ್ಳಾದ್ದರಿಂದ ಬಲ ಹಾಕಿದರೆ ಮುರಿಯುತ್ತದೆ. ರಬ್ಬರ್ ಟೋಪಿ ಹಾಕಿ.

ಎಷ್ಟು ಮಾಡಿದರೂ ಲಿವರ್ ಮೆತ್ತಗೇ ಇದೆ.

ಗುಳ್ಳೆ ಮೇಲಕ್ಕೇರುವ ಸ್ವಭಾವದ್ದು. ಹೋಸ್ ಮಾಸ್ಟರಿಗೆ ಸೇರುವ ಬೋಲ್ಟಿನ ಬಳಿ, ಅಂದರೆ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಅದು ಕೂತುಬಿಡುತ್ತದೆ. ಲಿವರನ್ನು ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಬೇಗಬೇಗ ಆಡಿಸಿದರೆ ಡಬ್ಬಿಯಲ್ಲಿ ಸಣ್ಣ ಗುಳ್ಳೆಗಳು ಮೇಲೆ ಬರುವುದು ಕಾಣುತ್ತದೆ. ಹೋಸನ್ನು ಕೆಳಗಿನಿಂದ ಮೇಲಕ್ಕೆ ಬೆರಳಿನಿಂದ ತಟ್ಟುತ್ತ ಬನ್ನಿ. ಲಿವರನ್ನು ಎಳೆದು ರಬ್ಬರ್ ಪಟ್ಟಿಯಿಂದ ಹ್ಯಾಂಡಲಿಗೆ ಕಟ್ಟಿ ರಾತ್ರಿಯಿಡೀ ಬಿಡುವುದೂ ಕೆಲಸ ಮಾಡುತ್ತದೆ; ಸಣ್ಣ ಗುಳ್ಳೆಗಳು ಮೇಲೇರಿ ಮಾಸ್ಟರಿನಲ್ಲಿ ಸೇರಿರುತ್ತವೆ, ಬೆಳಗ್ಗೆ ಬಿಚ್ಚಿದಾಗ ಡಬ್ಬಿಗೆ ಹೊರಡುತ್ತವೆ. ಆದರೂ ಮೆತ್ತಗಿದ್ದರೆ ಸ್ಲೈಡ್ ಪಿನ್, ಓರೆ ಸವೆದ ಪ್ಯಾಡ್, ಹಿಗ್ಗುವ ಹಳೆ ಹೋಸ್ ಕಡೆ ತಿರುಗಿ.

ಎಬಿಎಸ್ ಇರುವ ಗಾಡಿಗೂ ಇದೇ ವಿಧಾನವೇ?

ಭಾರತದಲ್ಲಿ 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಗಿದ್ದರಿಂದ ಈ ಪ್ರಶ್ನೆ ಈಗ ಹೆಚ್ಚಾಗಿದೆ. ಡಬ್ಬಿ ಖಾಲಿಯಾಗದಂತೆ ನೋಡಿಕೊಂಡು ಹಳೆ ಆಯಿಲ್ ಬದಲಾಯಿಸುವುದಷ್ಟೇ ಆದರೆ ಇದೇ ವಿಧಾನ ನಡೆಯುತ್ತದೆ. ಎಬಿಎಸ್ ಘಟಕದೊಳಗೆ ಗಾಳಿ ಹೊಕ್ಕಿದ್ದರೆ ಪಂಪ್ ಮತ್ತು ವಾಲ್ವುಗಳನ್ನು ಕಂಪ್ಯೂಟರಿನಿಂದ ಚಾಲೂ ಮಾಡಿ ತೆಗೆಯಬೇಕಾಗಬಹುದು. ಅದಕ್ಕೆ ಸರ್ವಿಸ್ ಸೆಂಟರೇ ಸರಿ.

ಎಬಿಎಸ್ ದೀಪ ಗಾಡಿ ಹೊರಟ ಮೇಲೂ ಆರದಿದ್ದರೆ ಮೊದಲು ಚಕ್ರದ ಬಳಿಯ ಸೆನ್ಸರ್ ಮತ್ತು ಹಲ್ಲಿನ ಉಂಗುರದ ಮೇಲಿನ ಕೆಸರು ಒರೆಸಿ. ಧಾರವಾಡ, ಗದಗ ಕಡೆಯ ಎರೆ ಮಣ್ಣು ಒಣಗಿದರೆ ಸಿಮೆಂಟಿನಂತೆ ಕೂರುತ್ತದೆ. ಪಂಕ್ಚರ್ ಹಾಕಿಸಿದ ಮರುದಿನವೇ ದೀಪ ಹತ್ತಿದ್ದರೆ ಸೆನ್ಸರ್ ವೈರ್ ಸಿಕ್ಕಿಕೊಂಡಿರಬಹುದು, ಉಂಗುರ ಬಾಗಿರಬಹುದು. ದೀಪ ಹತ್ತಿದ್ದಾಗ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಚಕ್ರ ಲಾಕ್ ಆಗುವುದನ್ನು ತಡೆಯುವವರು ಮಾತ್ರ ಯಾರೂ ಇರುವುದಿಲ್ಲ.

ಡಿಸ್ಕ್ ಯಾವಾಗ ಬದಲಾಯಿಸಬೇಕು? ಲಿವರ್ ಕೈಯಲ್ಲಿ ಬಡಿದಂತಾಗುತ್ತದೆ.

ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೇ ಕೊರೆದಿರುತ್ತಾರೆ. ಹೊಸದರಲ್ಲಿ 4 ಮಿ.ಮೀ. ಇರುವ ಡಿಸ್ಕಿನ ಮಿತಿ ಬಹಳ ಕಡೆ 3.5 ಮಿ.ಮೀ. ಅಳೆಯುವಾಗ ಒಂದು ಎಚ್ಚರ: ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಂಡೆಯಂತೆ ಉಳಿದಿರುತ್ತದೆ. ವರ್ನಿಯರ್ ಹಾಕಿದರೆ ಅದು ಆ ದಂಡೆಯ ಮೇಲೇ ಕೂತು ದಪ್ಪ ಜಾಸ್ತಿ ತೋರಿಸುತ್ತದೆ. ಮೈಕ್ರೋಮೀಟರ್ ಬಳಸಿ, ಐದಾರು ಕಡೆ ಅಳೆಯಿರಿ.

ಬಡಿತಕ್ಕೆ ಕಾರಣ ಡಿಸ್ಕ್ ಬಾಗಿರುವುದು ಅಥವಾ ಸುತ್ತಲೂ ಒಂದೇ ದಪ್ಪ ಇಲ್ಲದಿರುವುದು. ಡಯಲ್ ಗೇಜಿನಲ್ಲಿ ನೋಡಿದರೆ ಅತ್ತಿತ್ತ ಆಡುವಿಕೆ 0.3 ಮಿ.ಮೀ. ಮೀರಬಾರದು, ಕೆಲವು ಕಂಪನಿಗಳ ಮಿತಿ ಅದಕ್ಕೂ ಕಡಿಮೆ. ಮನೆಯಲ್ಲಿ ಒಂದು ಗಟ್ಟಿ ತಂತಿಯನ್ನು ಫೋರ್ಕಿಗೆ ಕಟ್ಟಿ ತುದಿಯನ್ನು ಡಿಸ್ಕಿಗೆ ತಾಗದಷ್ಟು ಹತ್ತಿರ ತಂದು ಚಕ್ರ ತಿರುಗಿಸಿದರೆ, ಎದ್ದು ಕಾಣುವ ಬಾಗು ಗೊತ್ತಾಗುತ್ತದೆ. ಡಿಸ್ಕ್ ಕೂರುವ ಜಾಗದಲ್ಲಿ ತುಕ್ಕಿನ ಹಕ್ಕಳೆ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ, ಹೊಸ ಡಿಸ್ಕ್ ಕೊಳ್ಳುವ ಮೊದಲು ಅದನ್ನು ಕೆರೆದು ನೋಡಿ. ಬಾಗಿದ ಡಿಸ್ಕನ್ನು ಸುತ್ತಿಗೆಯಲ್ಲಿ ನೇರ ಮಾಡಿಸಬೇಡಿ. ಲೇತ್ ಹಾಕಿಸುವುದೂ ತರವಲ್ಲ, ಅರ್ಧ ಮಿ.ಮೀ. ಮಾತ್ರ ಸವೆಯಲು ಬಿಟ್ಟಿರುವ ತಟ್ಟೆಯಲ್ಲಿ ಕೊರೆಯಲು ಲೋಹವೆಲ್ಲಿದೆ?

ಆರ್ಗ್ಯಾನಿಕ್ ಪ್ಯಾಡೋ, ಸಿಂಟರ್ಡ್ ಪ್ಯಾಡೋ?

ಕಂಪನಿ ಕೊಟ್ಟ ಬಗೆಯನ್ನೇ ಹಾಕಿ. ಆರ್ಗ್ಯಾನಿಕ್ ಎಂದರೆ ನಾರು ಮತ್ತು ಅಂಟು ಬೆರೆಸಿ ಮಾಡಿದ್ದು, ಸಿಂಟರ್ಡ್ ಎಂದರೆ ಲೋಹದ ಪುಡಿಯನ್ನು ಒತ್ತಿ ಕಾಯಿಸಿ ಮಾಡಿದ್ದು. ಸಿಂಟರ್ಡ್ ಮಳೆಯಲ್ಲಿ, ಹೆಚ್ಚು ಬಿಸಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಆರ್ಗ್ಯಾನಿಕ್ ಪ್ಯಾಡಿಗೆಂದು ಮಾಡಿದ ಡಿಸ್ಕನ್ನು ಬೇಗ ತಿನ್ನುತ್ತದೆ.

ಹೊಸ ಪ್ಯಾಡ್ ಯಾವುದೇ ಆದರೂ ಪಳಗಿಸಬೇಕು. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ, ಇನ್ನೂರು ಮೀಟರ್ ಓಡಿಸಿ ತಣಿಸಿ, ಹೀಗೆ 15ರಿಂದ 20 ಸಲ. ಬಿಸಿಯಿರುವಾಗ ಬ್ರೇಕ್ ಹಿಡಿದೇ ನಿಲ್ಲಬೇಡಿ, ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಉಳಿದು ಬಡಿತ ಶುರುವಾಗುತ್ತದೆ.

ಘಾಟಿ ಇಳಿಯುವಾಗ ಬ್ರೇಕ್ ಹೋಗುತ್ತದೆ, ಕೆಳಗೆ ನಿಂತ ಮೇಲೆ ಸರಿಯಾಗುತ್ತದೆ. ಯಾಕೆ?

ಎರಡು ಬಗೆ ಇದೆ. ಲಿವರ್ ಗಟ್ಟಿಯಾಗೇ ಇದ್ದು ಹಿಡಿತ ಕಡಿಮೆಯಾದರೆ ಪ್ಯಾಡ್ ಮಿತಿಮೀರಿ ಕಾದಿದೆ. ಲಿವರ್ ಅಥವಾ ಪೆಡಲ್ ಸೀದಾ ಒಳಗೆ ಹೋದರೆ ಆಯಿಲ್ ಕುದಿದಿದೆ. ತಣ್ಣಗಾದಾಗ ಆವಿ ಮತ್ತೆ ದ್ರವವಾಗುವುದರಿಂದ ಕೆಳಗೆ ಮೆಕ್ಯಾನಿಕ್ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿರುತ್ತದೆ. ನಂಬಿ ಮುಂದೆ ಹೋಗಬೇಡಿ; ಆಯಿಲ್ ಬದಲಾಯಿಸಿ.

ಆಗುಂಬೆ, ಚಾರ್ಮಾಡಿಯಂಥ ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ, ವೇಗವನ್ನು ಇಂಜಿನ್ ಹಿಡಿದಿಡಲಿ. ಬ್ರೇಕನ್ನು ಇಡೀ ದಾರಿ ಹಗುರವಾಗಿ ಒತ್ತಿಕೊಂಡೇ ಬರುವುದಕ್ಕಿಂತ, ತಿರುವಿಗೆ ಮುನ್ನ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡುವುದು ವಾಸಿ. ಬಿಟ್ಟಾಗ ಡಿಸ್ಕಿಗೆ ಗಾಳಿ ತಾಗುತ್ತದೆ. ಇಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಅಭ್ಯಾಸ ಜೀವಕ್ಕೆ ಎರವಾಗುತ್ತದೆ. ಹಿಂದಿನ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರಲ್ಲಿ ಹಿಂದಿನ ಆಯಿಲ್ ಮೊದಲು ಕುದಿಯುತ್ತದೆ, ಅಲ್ಲಿನ ಆಯಿಲ್ ಪ್ರಮಾಣವೂ ಕಡಿಮೆ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ, ಬಾಗುತ್ತದೆ. ಇಪ್ಪತ್ತು ನಿಮಿಷ ನಿಲ್ಲಿಸಿ.

ಹೋಸ್ ಎಷ್ಟು ವರ್ಷ ಬರುತ್ತದೆ?

ರಬ್ಬರ್ ಹೋಸನ್ನು ನಾಲ್ಕು ವರ್ಷಕ್ಕೆ ಬದಲಾಯಿಸಿ ಎಂದು ಹಲವು ಕಂಪನಿಗಳು ಹೇಳುತ್ತವೆ. ಬಗ್ಗಿಸಿದಾಗ ಬಿರುಕು ಕಂಡರೆ, ಲಿವರ್ ಒತ್ತಿದಾಗ ಉಬ್ಬಿದರೆ ಅಷ್ಟು ದಿನವೂ ಕಾಯಬೇಡಿ. ಬದಲಾಯಿಸುವಾಗ ಬೋಲ್ಟಿನ ಎರಡೂ ಬದಿಯ ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಹೊಸದಿರಲಿ. ಒಮ್ಮೆ ಅಪ್ಪಚ್ಚಿಯಾದದ್ದು ಮತ್ತೆ ಸೋರುತ್ತದೆ.

ಮನೆಯಲ್ಲಿ ಮಾಡಬಾರದ ಕೆಲಸ ಯಾವುದು?

ಮಾಸ್ಟರ್ ಸಿಲಿಂಡರ್ ಕಿಟ್ ಹಾಕುವುದು, ಕ್ಯಾಲಿಪರ್ ಸೀಲ್ ಬದಲಾಯಿಸುವುದು, ಎಬಿಎಸ್ ಘಟಕ ಬಿಚ್ಚುವುದು, ಇವನ್ನು ಅನುಭವವಿಲ್ಲದಿದ್ದರೆ ಬಿಡಿ. ಟಾರ್ಕ್ ಸ್ಪ್ಯಾನರ್ ಇಲ್ಲದೆ ಕ್ಯಾಲಿಪರ್ ಬೋಲ್ಟ್ ಬಿಗಿದಿದ್ದರೆ ಅದೇ ದಿನ ಗ್ಯಾರೇಜಿನಲ್ಲಿ ಸರಿಯಾದ ಬಲಕ್ಕೆ ಬಿಗಿಸಿಕೊಳ್ಳಿ. ಗಾಡಿಯನ್ನು ಅವಲಂಬಿಸಿ ಅದು ಹೆಚ್ಚಾಗಿ 25ರಿಂದ 40 ನ್ಯೂಟನ್ ಮೀಟರ್ ನಡುವೆ ಇರುತ್ತದೆ.

ತೆಗೆದ ಹಳೆ ಆಯಿಲ್ ಏನು ಮಾಡಲಿ?

ಚರಂಡಿಗೋ ಗಿಡದ ಬುಡಕ್ಕೋ ಸುರಿಯಬೇಡಿ, ಅದು ವಿಷ. ಮುಚ್ಚಳವಿರುವ ಬಾಟಲಿಗೆ ಹಾಕಿ, ಮೇಲೆ ಏನೆಂದು ಬರೆದು, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಇಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯೇ ಕೊಡಿ.